ಅಡುಗೆಮನೆ ಬಿಟ್ಟು ಉಳಿದ ಮನೆಗೆ ವಿಮೆ

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಮರ ನೀರು ಕುಡಿದು ಉಬ್ಬುತ್ತದೆ, ದೀಪಾವಳಿ ಹೊತ್ತಿಗೆ ತಾನಾಗೇ ಸರಿಯಾಗುತ್ತದೆ. ಹಾಗಾಗಿ 2021ರ ಜುಲೈನಲ್ಲಿ ನಮ್ಮ ಅಡುಗೆಮನೆಯ ಹಿಂಬಾಗಿಲು ಅರ್ಧಕ್ಕೇ ನಿಂತಾಗ, ಎಂದಿನ ಹಾಗೆ ಸೊಂಟದಿಂದ ಒಂದು ಗುದ್ದು ಕೊಟ್ಟೆ. ಹಾಕಿಕೊಂಡಿತು. ಆದರೆ ಮೇಲಿನ ಚೌಕಟ್ಟಿನ ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ. ಇನ್ನೊಂದು ಮೂಲೆಯಲ್ಲಿ ಮರಕ್ಕೆ ಮರ ಕಚ್ಚಿಕೊಂಡಿತ್ತು. ಉಬ್ಬಿದ ಬಾಗಿಲು ಹೀಗೆ ಓರೆ ಆಗುವುದಿಲ್ಲ ಅಂತ ನನಗೆ ಹೊಳೆದದ್ದು ಮಾರನೇ ದಿನ.

ಪುಷ್ಯ ಮಳೆ ಅದು. ಜುಲೈ 22, 23 ನೆನಪಿರಬೇಕು ನಿಮಗೆ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಜಾರಿ ಮನೆ, ತೋಟ ಎಲ್ಲ ಹೋದದ್ದು ಅದೇ ಮಳೆಯಲ್ಲಿ. ನಮ್ಮೂರು ಶಿರಸಿಯಿಂದ ಘಟ್ಟದ ಕಡೆ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಗುಡ್ಡದ ಮೈಗೆ ಅಂಟಿಕೊಂಡ ಹಾಗೆ ಮನೆ. ಕರೆಂಟಿಲ್ಲ, ಫೋನಿಲ್ಲ. ಬೆಳಗ್ಗೆ ಟಾರ್ಚ್ ಹಿಡಿದು ನೋಡಿದರೆ ಹಳೇ ಮನೆಗೂ ಹೊಸ ಅಡುಗೆಮನೆಗೂ ಕೂಡುವ ಗೋಡೆಯಲ್ಲಿ ಬಿರುಕು. ಚಿರೆಕಲ್ಲಿನ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿತ್ತು. ಕೆಳಗೆ ಕೂದಲೆಳೆಯಷ್ಟು, ಹೋಗ್ತಾ ಹೋಗ್ತಾ ಅಗಲ. ಎಷ್ಟು ಅಗಲ ಅಂತ ನೋಡಲು ಐದು ರೂಪಾಯಿ ನಾಣ್ಯ ತೂರಿಸಿದೆ. ಸಲೀಸಾಗಿ ಹೋಯಿತು, ಹೋದದ್ದು ಒಳಗೇ ಬಿತ್ತು. ಇವತ್ತಿಗೂ ಅದು ಗೋಡೆಯೊಳಗೇ ಇದೆ.

ಅತ್ತೆಯ ಪರೀಕ್ಷೆ ಇನ್ನೂ ಸರಳ. ಒಂದು ನಿಂಬೆಹಣ್ಣು ತಂದು ಅಡುಗೆಮನೆ ನೆಲದ ಮೇಲಿಟ್ಟರು. ಅದು ಒಂದು ಕ್ಷಣ ನಿಂತು, ಆಮೇಲೆ ನಿಧಾನಕ್ಕೆ ಹಿಂಬಾಗಿಲ ಕಡೆ ಉರುಳಿ ಹೊಸ್ತಿಲಿಗೆ ಹೋಗಿ ತಾಗಿತು. ಅವರು ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಮಾವ ಮೊದಲೇ ಹೇಳಿದ್ದರು.

ಅದನ್ನೂ ಬರೆದುಬಿಡುತ್ತೇನೆ. 2018ರಲ್ಲಿ ಅಡಿಕೆ ಒಣಗಿಸಲು ಅಂಗಳ ಸಾಲುವುದಿಲ್ಲ ಅಂತ ಜೆಸಿಬಿ ತರಿಸಿ ಮನೆಯ ಮೇಲ್ಬದಿಯ ಧರೆ, ಅಂದರೆ ಗುಡ್ಡದ ಕಡಿದಾದ ಮೈ, ಕಡಿಸಿದೆವು. ಬಂದ ಮಣ್ಣನ್ನು ಎಲ್ಲಿ ಹಾಕುವುದು? ಕೆಳಬದಿಗೆ ತಳ್ಳಿ ಸಮ ಮಾಡಿದೆವು. ಸುಮ್ನೆ ಜಾಗ ಸಿಕ್ಕ ಹಾಗಾಯಿತಲ್ಲ ಅಂತ ಮುಂದಿನ ವರ್ಷ ಅಲ್ಲಿಗೇ ಅಡುಗೆಮನೆ ಎಳೆದೆವು. ಗ್ರಾನೈಟ್ ಕಟ್ಟೆ, ಚಿಮಣಿ, ತೋಟ ಕಾಣುವ ಕಿಟಕಿ. ಆಸೆ ನನ್ನದೇ. ಮಾವ ಆಗಲೇ ಹೇಳಿದ್ದರು, ತುಂಬಿದ ಮಣ್ಣು ಮೂರು ಮಳೆಗಾಲ ಕೂರಬೇಕು, ಆಮೇಲೆ ಪಂಚಾಂಗ, ಅಂದರೆ ಅಡಿಪಾಯ, ಹಾಕಿ ಅಂತ. ನಾವು ಒಂದು ಮಳೆಗಾಲ ಕಾದೆವು.

ಮಣ್ಣಿನ ವಿಷಯ ಆಮೇಲೆ ತಿಳಿಯಿತು. ನಮ್ಮ ಕಡೆ ಮೇಲೆ ಗಟ್ಟಿ ಚಿರೆಕಲ್ಲಿನ ಪದರ, ಅದರಡಿ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಮಣ್ಣು. ಬೇಸಿಗೆಯಲ್ಲಿ ಅದನ್ನು ಗುದ್ದಲಿಯಿಂದ ಕಡಿದರೆ ಬೆಣ್ಣೆ ಕೊಯ್ದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಧರೆ ಕಡಿದವರಿಗೆ ಧೈರ್ಯ. ಮಳೆಗಾಲದಲ್ಲಿ ನೀರು ಕುಡಿದ ಶೇಡಿಗೆ ಕಸುವೇ ಇರುವುದಿಲ್ಲ. ಚಿರೆಕಲ್ಲಿನ ತೂತುಗಳಿಂದ ಇಳಿದ ನೀರು ಅಲ್ಲಿ ಬಂದು ನಿಲ್ಲುತ್ತದೆ, ಮೇಲಿನ ಭಾರವೆಲ್ಲ ಆ ರಾಡಿಯ ಮೇಲೆ.

ಪೇಟೆಯಿಂದ ಬಂದ ಪರಿಚಯದ ಎಂಜಿನಿಯರ್ ಬಿರುಕನ್ನು ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಮನೆಯ ಮೇಲ್ಬದಿಯ ಬೆಟ್ಟ ಸುತ್ತಿದರು. ಅಲ್ಲಿ ನಮ್ಮವರು ತೋಡಿಸಿದ ಹನ್ನೆರಡು ಇಂಗುಗುಂಡಿಗಳಿವೆ. ಎಲ್ಲವೂ ತುಂಬಿ ನಿಂತಿದ್ದವು. ಮನೆಯ ನೇರ ಮೇಲಿರುವ ಐದನ್ನು ಮುಚ್ಚಿಸಿ ಅಂದರು. ಹತ್ತು ವರ್ಷ ಊರಿಗೆಲ್ಲ ನೀರಿಂಗಿಸಿ ಅಂತ ಹೇಳಿಕೊಂಡು ಓಡಾಡಿದ ಮನುಷ್ಯ ನನ್ನ ಗಂಡ. ಗುಂಡಿ ಮುಚ್ಚುವ ದಿನ ಊಟ ಸರಿಯಾಗಿ ಮಾಡಲಿಲ್ಲ. ಇಂಗುಗುಂಡಿ ತಪ್ಪು ಅಂತ ಅಲ್ಲ. ಕಡಿದ ಧರೆಯ ನೆತ್ತಿಯ ಮೇಲೆ ನೀರಿಂಗಿಸಿದರೆ ಅದು ಬಾವಿಗೆ ಹೋಗುವ ಮೊದಲು ನಮ್ಮ ಪಂಚಾಂಗಕ್ಕೆ ಬರುತ್ತದೆ, ಅಷ್ಟೇ.

ಧರೆಯ ಮೇಲೆ ನೀರು ತಡೆದು ಪಕ್ಕಕ್ಕೆ ಹರಿಸುವ ಕಾಲುವೆ, ಬುಡದಲ್ಲಿ ಕಲ್ಲಿನ ತಡೆಗೋಡೆ, ಗೋಡೆಯೊಳಗಿಂದ ನೀರು ಹೊರಬರಲು ಪೈಪು, ಧರೆಯ ಮೈಗೆ ಲಾವಂಚ. ಖರ್ಚಿನ ಲೆಕ್ಕ ಹೇಳಿದರೆ ನನಗೇ ಹೊಟ್ಟೆ ಉರಿಯುತ್ತದೆ. ಪಂಚನಾಮೆ ಮಾಡಿ ಹಾನಿಯನ್ನು 'ಸಿ' ವರ್ಗಕ್ಕೆ ಹಾಕಿದ್ದರು, ಸರ್ಕಾರದಿಂದ 50,000 ರೂಪಾಯಿ ಬಂತು. ಅದು ಕಲ್ಲಿನ ಲಾರಿಗೆ ಸರಿಹೋಯಿತು.

ಎಂಜಿನಿಯರ್ ಕಲಿಸಿದ ಇನ್ನೊಂದು ವಿದ್ಯೆ ಬಲು ಅಗ್ಗದ್ದು. ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿಂದ ತೆಳು ಗಾಜಿನ ಪಟ್ಟಿಗಳನ್ನು ತರಿಸಿದರು. ಬೆರಳಗಲ, ಗೇಣುದ್ದ. ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಗೆ ಎಂ-ಸೀಲ್ ಮೆತ್ತಿದರು. ಗೋಡೆ ಒಂದಿಷ್ಟು ಸರಿದರೂ ಗಾಜು ಬಾಗುವುದಿಲ್ಲ, ಸೀಳುತ್ತದೆ. ಅಡುಗೆಮನೆ ಕಡೆ ಒಂದು, ಹಳೇ ಮನೆ ಕಡೆ ಮೂರು, ಒಟ್ಟು ನಾಲ್ಕು ಪಟ್ಟಿ, ಪ್ರತಿಯೊಂದರ ಪಕ್ಕದಲ್ಲಿ ತಾರೀಕು. ಬಿರುಕಿನ ತುದಿ ಎಲ್ಲಿಗೆ ನಿಂತಿದೆ ಅಂತ ಪೆನ್ಸಿಲ್ ಗೆರೆ. ತಿಂಗಳ ಮೊದಲ ದಿನ ಫೋಟೋ. ನಾನು ಹಾಲಿನ ಡೇರಿಯ ಲೆಕ್ಕ ಬರೆಯುವವಳು, ಇಂಥದ್ದೆಲ್ಲ ನನಗೆ ಒಗ್ಗಿದ ಕೆಲಸ. 2022ರ ಮಳೆಗಾಲದಲ್ಲಿ ಅಡುಗೆಮನೆಯದೊಂದು ಸೀಳಿತು. ಬದಲಿಸಿದೆವು. 2023ರಲ್ಲಿ ಒಂದೂ ಸೀಳಲಿಲ್ಲ.

ವಿಮೆಯ ಯೋಚನೆ ಆಗಲೂ ಬಂದಿರಲಿಲ್ಲ. ನಮ್ಮ ಕಡೆ ವಿಮೆ ಅಂದರೆ ಬೆಳೆ ವಿಮೆ. ಪಂಚಾಯಿತಿಯ ಮಳೆಮಾಪಕ ಸರಿಯಿದೆಯಾ, ದುಡ್ಡು ಯಾವಾಗ ಬೀಳುತ್ತದೆ, ಪಕ್ಕದ ಪಂಚಾಯಿತಿಗೆ ಯಾಕೆ ಜಾಸ್ತಿ ಬಂತು. ಮನೆಗೆ ವಿಮೆ ಅಂದರೆ ನಗುತ್ತಾರೆ. ನಾನೂ ನಗುತ್ತಿದ್ದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿ ಹೊಳೆಗೆ ಇಳಿಯಿತಲ್ಲ, ಆ ನಂತರ ನಗು ನಿಂತಿತು. ಮಣ್ಣು ಬಿದ್ದ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಹೊಳೆಯಾಚೆ ಇದ್ದೂ ತಪ್ಪಿಸಿಕೊಳ್ಳಲು ಆಗಲಿಲ್ಲ. ಕಾರವಾರದ ಕಡವಾಡದಲ್ಲಿ 2009ರ ಅಕ್ಟೋಬರ್ 2ರಂದು ಗುಡ್ಡ ಕುಸಿದು 19 ಜನ ಹೋದಾಗ ಅದು ದೂರದ ಸುದ್ದಿ ಅನ್ನಿಸಿತ್ತು. ಈ ಸಲ ಹಾಗೆ ಅನ್ನಿಸಲಿಲ್ಲ. ರಾತ್ರಿ ಮಳೆ ಜೋರಾದರೆ ಎದ್ದು ಕೂರುವುದು ಶುರುವಾಯಿತು.

ಸರಿ, ವಿಮೆ ಮಾಡಿಸೋಣ ಅಂತ ಹೊರಟೆ. ಪೇಟೆಯ ಏಜೆಂಟ್ ಹುಡುಗ ಮನೆಗೇ ಬಂದ. ಜಗುಲಿಯ ಮೇಲೆ ಕೂತು ಚಹಾ ಕುಡಿಯುತ್ತಾ ಅರ್ಜಿ ತುಂಬಿದ. ಹಿಂದೆ ಈ ಮನೆಗೆ ಯಾವುದಾದರೂ ಹಾನಿ ಆಗಿತ್ತೇ ಎಂಬ ಪ್ರಶ್ನೆಗೆ ಬಂದಾಗ ನಾನು 2021ರದ್ದು ಹೇಳತೊಡಗಿದೆ. ಅವನ ಪೆನ್ನು ನಿಂತಿತು.

"ಅಕ್ಕಾ, ಅದನ್ನು ಬರೆಯೋದು ಬೇಡ. ರಿಪೇರಿ ಆಗಿದೆಯಲ್ಲ, ಬಣ್ಣಾನೂ ಹೊಡೆಸಿದ್ದೀರಿ. ಇಲ್ಲ ಅಂತ ಹಾಕಿಬಿಡ್ತೇನೆ."

ಒಳಗಿಂದ ಅತ್ತೆ ಕೂಡ "ಎಂತೂ ಬರಿಯಡ" ಅಂದರು. ಮನೆಯ ಹುಳುಕು ಕಾಗದದಲ್ಲಿ ಯಾಕೆ ಅಂತ ಅವರ ಲೆಕ್ಕ. ನಾಳೆ ಮನೆ ಮಾರಬೇಕಾದರೆ, ಮೊಮ್ಮಗನಿಗೆ ಹೆಣ್ಣು ನೋಡಬೇಕಾದರೆ, ಬಿರುಕು ಬಿಟ್ಟ ಮನೆ ಅಂತ ಆಗಬಾರದು, ಅಲ್ವಾ?

ನನಗೆ ಆಸೆಯಾಗಲಿಲ್ಲ ಅಂದರೆ ಸುಳ್ಳು. ಆದರೆ ಪಂಚನಾಮೆಯ ಕಾಗದ ತಹಶೀಲ್ದಾರ್ ಕಚೇರಿಯಲ್ಲಿದೆ, 50,000 ನನ್ನ ಖಾತೆಗೆ ಬಿದ್ದದ್ದು ಬ್ಯಾಂಕಿನಲ್ಲಿದೆ, ಗೋಡೆಯ ಮೇಲೆ ತಾರೀಕು ಬರೆದ ನಾಲ್ಕು ಗಾಜುಗಳಿವೆ. ಗುಡ್ಡ ಜಾರಿದ ಮೇಲೆ ಹಾನಿ ನೋಡಲು ಬರುವ ವಿಮೆಯ ಸರ್ವೇಯರ್ ಮೊದಲು ಕೇಳುವುದೇ ಇದನ್ನು. ಗೊತ್ತಿದ್ದೂ ಮುಚ್ಚಿಟ್ಟರೆ ಪಾಲಿಸಿಯೇ ಅಸಿಂಧು ಅಂತ ಅದರಲ್ಲೇ ಬರೆದಿರುತ್ತದೆ. ಹತ್ತು ವರ್ಷ ಪ್ರೀಮಿಯಂ ಕಟ್ಟಿ, ಬೇಕಾದ ದಿನ ಖಾಲಿ ಕಾಗದ ಹಿಡಿದು ನಿಲ್ಲುವುದು ಯಾರಿಗೆ ಬೇಕು? ನಾನೇ ಪೆನ್ನು ತೆಗೆದುಕೊಂಡು ಬರೆದೆ. ಜಾಗ ಸಾಲದೆ ಇನ್ನೊಂದು ಹಾಳೆ ಸೇರಿಸಿದೆ. ಹುಡುಗ ಮುಖ ಸಣ್ಣ ಮಾಡಿಕೊಂಡು ಹೋದ. ಹತ್ತು ದಿನಕ್ಕೆ ಆ ಕಂಪನಿಯಿಂದ ಆಗುವುದಿಲ್ಲ ಅಂತ ಬಂತು. ಕಾರಣ ಒಂದೇ ಸಾಲು.

ಆ ಹೊತ್ತಿಗೆ ನಾದಿನಿಯ ಮಗ ಲಂಡನ್ನಿನಿಂದ ಫೋನ್ ಮಾಡಿದ್ದ. ಅವನು ಅಲ್ಲಿ ಮನೆ ಕೊಳ್ಳುವ ಗಡಿಬಿಡಿಯಲ್ಲಿದ್ದ. ನಮ್ಮ ಕತೆ ಕೇಳಿ, ಇಲ್ಲಿ ಅದೇ ಮೊದಲ ಪ್ರಶ್ನೆ ಅತ್ತೆ ಅಂದ. ಮನೆಯ ನೆಲ ಎಂದಾದರೂ ಕುಸಿದಿತ್ತಾ ಅಂತ ವಿಮೆಯವರು ನೇರವಾಗಿ ಕೇಳುತ್ತಾರಂತೆ. ವಿಮೆ ಸಿಕ್ಕರೂ ಕುಸಿತದ ಕ್ಲೇಮಿನಲ್ಲಿ ಮೊದಲ ಸಾವಿರ ಪೌಂಡು ಸಾಮಾನ್ಯವಾಗಿ ಮನೆಯವರದ್ದೇ. ಅಲ್ಲಿನ ಜೇಡಿಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಪಕ್ಕದ ದೊಡ್ಡ ಮರಗಳು ಇದ್ದಬದ್ದ ನೀರು ಹೀರುತ್ತವೆ, ಮನೆ ಕೂರುತ್ತದೆ. ನಮ್ಮದು ನೀರು ಜಾಸ್ತಿಯಾಗಿ, ಅವರದು ನೀರು ಕಡಿಮೆಯಾಗಿ. ಮರ ಇದ್ದರೆ ಅಲ್ಲಿ ಹೆದರಿಕೆ, ಇಲ್ಲಿ ಧರೆಯ ಮೇಲಿನ ಮರ ಕಡಿದರೆ ಹೆದರಿಕೆ.

ಎರಡನೇ ಕಂಪನಿಗೆ ಹೋಗುವ ಮೊದಲು ಪಾಲಿಸಿಯನ್ನೇ ಓದಬೇಕು ಅಂತ ಹಟ ಹಿಡಿದೆ. 'ಭಾರತ್ ಗೃಹ ರಕ್ಷಾ' ಅಂತ ಇದರ ಹೆಸರು. ಐಆರ್‌ಡಿಎಐ, ಅಂದರೆ ವಿಮಾ ನಿಯಂತ್ರಣ ಪ್ರಾಧಿಕಾರ, 2021ರ ಏಪ್ರಿಲ್ 1ರಿಂದ ಇದನ್ನು ತಂದಿತು. ಮೂಲ ಪಾಲಿಸಿಯ ಮಾತು ಎಲ್ಲ ಕಂಪನಿಯಲ್ಲೂ ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಎಲ್ಲ ಇದೆ. ನಮಗೆ ಬೇಕಾದದ್ದೂ ಇದೆ: ಮನೆ ನಿಂತ ನೆಲ ಕುಸಿಯುವುದು, ಗುಡ್ಡ ಜಾರುವುದು, ಬಂಡೆ ಉರುಳುವುದು. ಪೇಪರಿನವರು ಎಲ್ಲಕ್ಕೂ ಭೂಕುಸಿತ ಅಂತಲೇ ಬರೆಯುತ್ತಾರೆ. ನಾವು ಮನೆಯಲ್ಲಿ ಆಡುವಾಗ ಬೇರೆ ಬೇರೆ: ನೆಲ ಕೂತಿತು, ಧರೆ ಬಿತ್ತು, ಗುಡ್ಡ ಜಾರಿತು. ಪಾಲಿಸಿ ನಮ್ಮ ಹಾಗೇ ಬಿಡಿಸಿ ಹೇಳುತ್ತದೆ ಅಂತ ಖುಷಿಯಾಯಿತು. ಖುಷಿ ಪಕ್ಕದ ಕಾಲಂ ಓದುವವರೆಗೆ.

ಪಕ್ಕದ ಕಾಲಂ ಅಂದರೆ ಯಾವುದಕ್ಕೆ ಕೊಡುವುದಿಲ್ಲ ಎಂಬುದು. ಹೊಸ ಕಟ್ಟಡ ಮಾಮೂಲಾಗಿ ಕೂತು ಬಿರುಕು ಬಿಟ್ಟರೆ ಇಲ್ಲ. ತುಂಬಿದ ಮಣ್ಣು ಕೂತರೆ, ಸರಿದರೆ ಇಲ್ಲ. ಕಡಲು ಅಥವಾ ಹೊಳೆ ಕೊರೆದರೆ ಇಲ್ಲ. ಕಟ್ಟಿದ್ದೇ ಸರಿಯಿಲ್ಲದಿದ್ದರೆ ಇಲ್ಲ. ಅಗೆತ, ಒಡೆತ, ಹೊಸ ಕಟ್ಟೋಣದಿಂದ ಆದರೆ ಇಲ್ಲ.

ಎರಡು ಸಲ ಓದಿದೆ. ಯಾರೋ ನಮ್ಮ ಮನೆ ನೋಡಿಕೊಂಡು ಹೋಗಿ ಬರೆದ ಹಾಗಿತ್ತು. ತುಂಬಿದ ಮಣ್ಣು, ಅದು ಅಡುಗೆಮನೆ. ಅಗೆತ, ಅದು ಧರೆ. ಹೊನ್ನಾವರದ ಕಡೆ ಕಡಲ ದಂಡೆಯಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿ ಕಡಲ್ಕೊರೆತದ ಸಾಲು ಓದಿ ಹೇಳಿದೆ. "ನಮ್ಗೆ ಇರೋದೇ ಅದೊಂದು ಹೆದರಿಕೆ ಮಾರಾಯ್ತಿ, ಅದನ್ನೇ ಬಿಟ್ರಾ!" ಅಂದಳು. ನೆರೆ ಬಂದು ನೀರು ನುಗ್ಗಿದರೆ ಉಂಟು, ಕಡಲು ದಡವನ್ನೇ ತಿಂದರೆ ಇಲ್ಲ. ಅವಳಿಗೆ ಇದು ಅರ್ಥವೇ ಆಗಲಿಲ್ಲ. ಎರಡನ್ನೂ ತರುವುದು ಅದೇ ಕಡಲಲ್ಲವೇ?

ಎರಡನೇ ಕಂಪನಿಯವರು ಒಬ್ಬ ಎಂಜಿನಿಯರ್ ಕಳಿಸಿದರು. ಮಿತಮಾತಿನ ಮನುಷ್ಯ. ನನ್ನ ಫೋಟೋಗಳು, 2021ರ ಪಂಚನಾಮೆ, ತಡೆಗೋಡೆಯ ಬಿಲ್ಲುಗಳು, ನಮ್ಮ ಎಂಜಿನಿಯರ್ ಬರೆದುಕೊಟ್ಟ ವರದಿ ಎಲ್ಲ ಒಂದು ಫೈಲಿನಲ್ಲಿ ಹಾಕಿಟ್ಟಿದ್ದೆ. ಅವರು ಮೊದಲು ನೋಡಿದ್ದು ಗಾಜು. ಮೂರು ವರ್ಷದ ಫೋಟೋ ಒಂದರ ಪಕ್ಕ ಒಂದು ಇಟ್ಟು, ಕನ್ನಡಕ ಏರಿಸಿ ಇಳಿಸಿ ನೋಡಿದರು. ಹಳೇ ಮನೆಯ ಮೂರು ಪಟ್ಟಿ ಹಾಕಿದ ದಿನದಿಂದ ಅಲುಗಿಲ್ಲ. ಅದೇ ನಮ್ಮನ್ನು ಕಾಪಾಡಿತು ಅಂತ ನನ್ನ ನಂಬಿಕೆ. ನೆಲ ಒಮ್ಮೆ ಕೂತಿತ್ತು ಅನ್ನುವುದಕ್ಕಿಂತ ಈಗ ಕೂರುತ್ತಿದೆಯಾ ಅನ್ನುವುದು ಅವರಿಗೆ ಮುಖ್ಯ.

ಲೆಕ್ಕ ಹೀಗಾಯಿತು. ಜಾಗದ ಬೆಲೆ ಇದರಲ್ಲಿ ಬರುವುದಿಲ್ಲ, ಮತ್ತೆ ಕಟ್ಟಲು ತಗಲುವ ಖರ್ಚು ಮಾತ್ರ. ಒಳಗಿನ ಅಳತೆ 1,400 ಚದರ ಅಡಿ, ಅಡಿಗೆ 1,800 ರೂಪಾಯಿ ಹಿಡಿದು 25 ಲಕ್ಷದ 20 ಸಾವಿರ. ಮನೆ ಸಾಮಾನಿಗೆ ಅದರ ಶೇಕಡಾ 20 ತಾನಾಗೇ ಸೇರುತ್ತದೆ, ಹೆಚ್ಚೆಂದರೆ 10 ಲಕ್ಷ. ನಮಗೆ 5 ಲಕ್ಷ ಚಿಲ್ಲರೆ. ಅದು ಮನೆ ಬಳಕೆಯ ಸಾಮಾನಿಗೆ, ಮಾರಲು ಒಣಗಿಸಿಟ್ಟ ಅಡಿಕೆಗೆ ಅಲ್ಲ. ತಡೆಗೋಡೆ ಮತ್ತು ಗೋಬರ್ ಗ್ಯಾಸ್ ಗುಂಡಿ ಕೂಡ ಮನೆಯ ಭಾಗ ಅಂತಲೇ ಪಾಲಿಸಿಯಲ್ಲಿದೆ. ಏಜೆಂಟ್ ಹುಡುಗ ಇದನ್ನು ಹೇಳಿರಲೇ ಇಲ್ಲ, ಅವನಿಗೂ ಗೊತ್ತಿರಲಿಲ್ಲವೋ ಏನೋ. ಕೇಳಿ ಬರೆಸಿದೆ. ಪ್ರೀಮಿಯಂ ವರ್ಷಕ್ಕೆ ಮೂರು ಕಿಲೋ ಕಾಳುಮೆಣಸು ಮಾರಿದರೆ ಬರುವಷ್ಟು. ಇಷ್ಟು ಕಡಿಮೆಯಾ ಅಂತ ನಮ್ಮವರಿಗೇ ಅನುಮಾನ ಬಂತು.

ಪಾಲಿಸಿ ಜೊತೆ ಒಂದು ಪತ್ರವೂ ಬಂತು. ಫೋಟೋದಲ್ಲಿರುವ ಹಳೇ ಬಿರುಕುಗಳಿಗೆ ಹಣ ಇಲ್ಲ. ಅಡುಗೆಮನೆ ತುಂಬಿದ ಮಣ್ಣಿನ ಮೇಲಿದೆ, ಆ ಮಣ್ಣು ಕೂತು ಆಗುವ ಹಾನಿ ಇದರಲ್ಲಿ ಸೇರುವುದಿಲ್ಲ. ಬೆಂಕಿ, ಸಿಡಿಲು ಮೊದಲಾದವಕ್ಕೆ ಅಡುಗೆಮನೆಗೂ ಉಂಟು. ಅಂದರೆ ನಮ್ಮನೆ ಒಲೆಗೆ ವಿಮೆ ಇದೆ, ಒಲೆ ನಿಂತ ನೆಲಕ್ಕೆ ಇಲ್ಲ. ಗಂಡ ಓದಿ ನಕ್ಕರು. ನನಗೆ ಮೊದಲು ಸಿಟ್ಟು ಬಂತು, ಬೀಳುವ ಜಾಗವನ್ನೇ ಬಿಟ್ಟು ನಿಂತ ಜಾಗಕ್ಕೆ ಕೊಡುವುದು ಎಂಥ ವಿಮೆ ಅಂತ. ರಾತ್ರಿ ಮಲಗಿ ಯೋಚಿಸಿದಾಗ ಸಿಟ್ಟು ಅಷ್ಟು ಉಳಿಯಲಿಲ್ಲ. ಅಡುಗೆಮನೆ ಕೂರುತ್ತದೆ ಅಂತ ಮಾವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಗೊತ್ತಿರುವುದಕ್ಕೆ ಯಾರು ವಿಮೆ ಕೊಡುತ್ತಾರೆ? ನಾನಾದರೂ ಕೊಡುತ್ತಿರಲಿಲ್ಲ. ಆದರೆ ಮೇಲಿನ ಬೆಟ್ಟವೇ ಇಳಿದು ಬಂದರೆ, ಆ 25 ಲಕ್ಷದ ಮಾತು ಬೇರೆ. ಅದಕ್ಕೇ ಕಟ್ಟಿದೆ. ಆಗಲೂ ನಮ್ಮ ಧರೆಯ ಕಡಿತದಿಂದಲೇ ಆಯಿತು ಅಂತ ತಕರಾರು ತೆಗೆದರೆ ಏನು ಮಾಡುವುದು ಅಂತ ಬಂದ ಎಂಜಿನಿಯರನ್ನೇ ಕೇಳಿದ್ದೆ. ಕಾಲುವೆ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಿ, ಫೋಟೋ ತೆಗೆಯುವುದು ಬಿಡಬೇಡಿ, ಅಂದರು. ಆಮೇಲೂ ಜಗಳವಾದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ದೂರು ಕೊಡಲು ಖರ್ಚಿಲ್ಲ.

ಮೇ ಕೊನೆಗೆ ಕಾಲುವೆಯ ಸೊಪ್ಪುಸದೆ ತೆಗೆಯುವುದು ಈಗ ನಮ್ಮ ಮನೆಯಲ್ಲಿ ಹಂಚು ಕೈಯಾಡಿಸಿದಷ್ಟೇ ಕಡ್ಡಾಯ. ತೆಗೆಯುವ ಮೊದಲು ಒಂದು ಫೋಟೋ, ತೆಗೆದ ಮೇಲೆ ಒಂದು.

ಈ ವರ್ಷ, ಅಂದರೆ 2025ರ ಪುನರ್ವಸು ಮಳೆಯಲ್ಲಿ, ಅಡುಗೆಮನೆಯ ಗಾಜು ಮತ್ತೆ ಸೀಳಿತು. ದೋಸೆ ಹೊಯ್ಯುತ್ತಿದ್ದೆ. ಸಣ್ಣದಾಗಿ ಟಿಕ್ ಅಂತ ಶಬ್ದವಾಯಿತು, ಸೌಟು ಕಾವಲಿಗೆ ತಾಗಿದ್ದು ಅಂದುಕೊಂಡೆ. ಸಂಜೆ ನೋಡಿದರೆ ಪಟ್ಟಿಯ ನಡುವೆ ಓರೆ ಗೆರೆ. ಉಗುರು ಆಡಿಸಿದರೆ ತಾಗುತ್ತದೆ. ಹಳೇ ಮನೆಯ ಮೂರೂ ನೆಟ್ಟಗಿವೆ. ಫೋಟೋ ತೆಗೆದು ಫೈಲಿಗೆ ಹಾಕಿದೆ, ಕಂಪನಿಗೆ ಕಳಿಸುವ ಅಗತ್ಯ ಇರಲಿಲ್ಲ. ಅತ್ತೆಗೆ ಹೇಳಿದೆ. ಅವರು ನಿಂಬೆಹಣ್ಣು ತರಲಿಲ್ಲ. ಹಳೇ ಅಡುಗೆಮನೆಯ ಬಾಗಿಲು ತೆಗೆದು ಒಳಗೆ ಇಣುಕಿ ಬಂದರು.

ದೀಪಾವಳಿ ಮುಗಿದ ಮೇಲೆ ಒಲೆಯನ್ನು ಅಲ್ಲಿಗೇ ವಾಪಸ್ ತರುವುದು ಅಂತ ತೀರ್ಮಾನವಾಗಿದೆ. ಹೊಸದರ ಗ್ರಾನೈಟ್ ಕಟ್ಟೆ ಎಬ್ಬಿಸಿದರೆ ಮುರಿಯುತ್ತದಂತೆ, ಬಿಡಬೇಕು. ಹಳೇ ಅಡುಗೆಮನೆಯಲ್ಲಿ ಈಗ ಅಡಿಕೆ ಮೂಟೆಗಳಿವೆ. ಅವನ್ನು ಹೊಸ ಅಡುಗೆಮನೆಯಲ್ಲಿ ಪೇರಿಸೋಣ ಅಂತ ನಮ್ಮವರು. ಅಷ್ಟು ಭಾರ ಆ ನೆಲದ ಮೇಲೆ ಬೇಡ ಅಂತ ನಾನು. ಸದ್ಯಕ್ಕೆ ಮನೆಯಲ್ಲಿ ಇದೇ ಜಗಳ.